ದರ್ಬಾರ್ ಸೀನಿನ ಎಡಗಡೆ ಕಂಬ

ಮಾಗಡಿಯಲ್ಲಿ ಈಗ ನಾನಿರುವ ಬಾಡಿಗೆ ಮನೆಯ ಪಕ್ಕದಲ್ಲಿ ಒಂದು ಮರಗೆಲಸದ ಅಂಗಡಿ ಇದೆ. ಎಲ್ಲರೂ ಡಬ್ಬಿಯ ಗೋಂದು ತಂದು ಅಂಟಿಸುವ ಈ ಕಾಲದಲ್ಲಿ ಅಲ್ಲಿನ ವಯಸ್ಸಾದ ಆಚಾರಿ ಇನ್ನೂ ಸರೇಸು ಕಾಯಿಸುತ್ತಾರೆ. ಚರ್ಮದಿಂದ ಮಾಡಿದ ಆ ಹಳೆಯ ಅಂಟು ಕುದಿಯಲು ಶುರುವಾದರೆ ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಆಚಾರಿಯನ್ನು ಬೈಯುತ್ತಾರೆ. ನಾನು ಮಾತ್ರ ಹೋಗಿ ಕಿಟಕಿ ತೆಗೆಯುತ್ತೇನೆ. ತೆಗೆದು ನಿಂತ ಸ್ವಲ್ಪ ಹೊತ್ತಿಗೆ ಎದೆ ಡವಡವ ಎನ್ನತೊಡಗುತ್ತದೆ. ಚನ್ನಪಟ್ಟಣದ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್ ಆಗಿದ್ದ ಕೊನೆಯ ಮಳೆಗಾಲ ಪೂರ್ತಿ ನನ್ನ ಎದೆ ಹೀಗೇ ಹೊಡೆದುಕೊಂಡಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲಿ. ಮಕ್ಕಳನ್ನು ರಾಮನಗರದ ಬೆಟ್ಟಕ್ಕೆ ಪ್ರವಾಸ ಕರೆದೊಯ್ಯಬೇಕೆಂದರೆ ಒಂದು ವಾರ ಮೊದಲಿನಿಂದಲೇ ಊಟ ಸೇರದವಳು. ಬಸ್ಸು ಹತ್ತಿದ ಮೇಲೂ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಇಳಿದು ಬಂದವಳು. ಇಂಥವಳನ್ನು ಹುಡುಕಿಕೊಂಡು ಆ ವರ್ಷ ಆಷಾಢದ ಗಾಳಿ ಏಳುವ ಹೊತ್ತಿಗೆ ಇಂಚರ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ಚನ್ನಪಟ್ಟಣದ ಪಕ್ಕದ ಹಳ್ಳಿಯವಳು. ಮೈಸೂರಿನಲ್ಲಿ ಚಿತ್ರಕಲೆ ಓದು ಮುಗಿಸಿ, ತಲೆಗೂದಲು ಮೋಟು ಮಾಡಿಸಿಕೊಂಡು, ಒಂದು ಯೋಚನೆಯನ್ನು ಹೊತ್ತುಕೊಂಡು ಬಂದಿದ್ದಳು.

"ಮಿಸ್, ನಮ್ಮೂರ ನಾಟಕದಲ್ಲಿ ರಾಜಪಾರ್ಟು ಯಾರ್ಯಾರು ಮಾಡಿದ್ರು ಅಂತ ಕೇಳಿದ್ರೆ ನಮ್ಮಪ್ಪ ಮೂರು ತಲೆಮಾರಿನ ಹೆಸರು ಹೇಳ್ತಾರೆ. ಅವರ ಹಿಂದೆ ಇಳಿಬಿಟ್ಟಿದ್ದ ಸೀನು ಬರೆದಿದ್ದು ಯಾರು ಅಂದ್ರೆ ಒಬ್ರಿಗೂ ಗೊತ್ತಿಲ್ಲ" ಎಂದಳು.

ನಮ್ಮ ಕಡೆ ಹಳ್ಳಿಯವರು ಪೌರಾಣಿಕ ನಾಟಕ ಆಡುವಾಗ ಬಾಡಿಗೆಗೆ ತರುವ ಚಿತ್ರ ಬರೆದ ಪರದೆಗಳಿಗೆ ಸೀನು ಎನ್ನುತ್ತಾರೆ. ಕಾಡು ಸೀನು, ಬೀದಿ ಸೀನು, ದರ್ಬಾರ್ ಸೀನು. ಇಂಚರಳ ಯೋಚನೆ ಇಷ್ಟು. ಊರಾಚೆ ಮುಚ್ಚಿಹೋಗಿದ್ದ ಹಳೇ ರೈಸ್ ಮಿಲ್ಲಿನಲ್ಲಿ ಈ ಸೀನುಗಳನ್ನು ಸಾಲಾಗಿ ತೂಗುಹಾಕುವುದು. ಬಂದವರು ಅವುಗಳ ನಡುವೆ ಓಡಾಡಿ ಮುಂದೆಯೂ ನೋಡಬೇಕು, ಹಿಂದಿನ ತೇಪೆ ಹೊಲಿಗೆಗಳನ್ನೂ ನೋಡಬೇಕು. ಕೊನೆಯ ದಿನ ಮಧ್ಯಾಹ್ನ ಹಳೆಯ ಪಾತ್ರಧಾರಿಗಳು ಬಣ್ಣ ಹಚ್ಚಿ, ಕಿರೀಟ ಇಟ್ಟು, ಜನರಿಗೆ ಬೆನ್ನು ತಿರುಗಿಸಿ ನಿಲ್ಲುವುದು.

"ಜೀವಮಾನವಿಡೀ ಪರದೆಗೆ ಬೆನ್ನು ಹಾಕಿ ಹಾಡಿದೋರು ಮಿಸ್. ಒಂದೇ ಒಂದ್ಸಲ ಅದರ ಕಡೆ ತಿರುಗಿ ಹಾಡ್ಲಿ. ಅಷ್ಟೇ ನಮ್ಮ ಕಾರ್ಯಕ್ರಮ."

ನನಗೆ ಮೈ ಜುಮ್ಮೆಂದಿತು. ಆ ಜುಮ್ಮು ಇಳಿಯುವ ಮೊದಲೇ ಭಯ ಶುರುವಾಯಿತು. ರೈಸ್ ಮಿಲ್ಲಿನ ತಗಡು ಎಷ್ಟು ಕಡೆ ತೂತಾಗಿದೆ ಎಂಬುದು ಅದರ ಮುಂದೆಯೇ ದಿನಾ ಶಾಲೆಗೆ ಹೋಗುತ್ತಿದ್ದ ನನಗೆ ಗೊತ್ತಿತ್ತು.

ಸೀನುಗಳು ಇದ್ದದ್ದು ಚನ್ನಿಗಪ್ಪನವರ ಹತ್ತಿರ. ಊರೆಲ್ಲ ಅವರನ್ನು ಸೀನರಿ ಚನ್ನಿಗಪ್ಪ ಎಂದೇ ಕರೆಯುವುದು. ಬಿದಿರಿಗೆ ಸುತ್ತಿಟ್ಟ ಪರದೆಗಳನ್ನು ಮನೆಯ ಹಿಂದಿನ ಗೋಡೌನಿನಿಂದ ಒಂದೊಂದಾಗಿ ತೆಗೆಸಿ ಬಿಚ್ಚಿ ತೋರಿಸಿದರು. ದರ್ಬಾರ್ ಸೀನು ಬಿಚ್ಚಿದಾಗ ನಾವಿಬ್ಬರೂ ಎದ್ದು ಹತ್ತಿರ ಹೋದೆವು. ನಡುವೆ ಸಿಂಹಾಸನ, ಹಿಂದೆ ಕಮಾನುಗಳು, ಎರಡು ಕಡೆ ಬಾಳೆದಿಂಡಿನಷ್ಟು ನುಣುಪಾದ ಹಳದಿ ಕಂಬಗಳು. ಇಷ್ಟು ವರ್ಷ ಮಕ್ಕಳಿಗೆ ಕಂಬ ಬರೆಯುವುದನ್ನು ಹೇಳಿಕೊಟ್ಟ ನನಗೆ ಅಂಥದೊಂದು ಗೆರೆ ಎಳೆಯಲು ಬಂದಿರಲಿಲ್ಲ.

"ಇದು ಬಣ್ಣದ ಸಾಬ್ರು ಬರ್ದಿದ್ದು. ರಾಮನಗರದೋರು" ಎಂದರು ಚನ್ನಿಗಪ್ಪ.

"ಹೆಸರೇನು?"

"ಅದೇ, ಬಣ್ಣದ ಸಾಬ್ರು. ನಮ್ಮಪ್ಪನ ಕಾಲದಿಂದ್ಲೂ ಹಂಗೇ ಅನ್ನದು." ಪರದೆ ಸುತ್ತಿಡುತ್ತಾ, "ನೀರು ಮಾತ್ರ ಸೋಕಿಸಬ್ಯಾಡಿ ಟೀಚರಮ್ಮ. ಬಣ್ಣದ ಪುಡೀನ ಸರೇಸು ನೀರ್ನಾಗೆ ಕಲಸಿ ಬರ್ದಿರದು. ನಾಕು ಹನಿ ಬಿದ್ರೂ ಇಳ್ದೋಯ್ತದೆ" ಎಂದರು.

ಅವತ್ತಿನಿಂದ ನಾನು ಆಕಾಶ ನೋಡದೆ ಮನೆಯಿಂದ ಹೊರಗೆ ಕಾಲಿಟ್ಟದ್ದಿಲ್ಲ.

ಬಣ್ಣದ ಸಾಬ್ರನ್ನು ಹುಡುಕಿಕೊಂಡು ರಾಮನಗರಕ್ಕೆ ಹೋದೆವು. ರೇಷ್ಮೆ ನೂಲು ತೆಗೆಯುವವರ ಬೀದಿಗಳಲ್ಲಿ ಗೂಡು ಬೇಯುವ ವಾಸನೆಯಲ್ಲಿ ಮನೆ ಮನೆ ಕೇಳುತ್ತಾ ನಡೆದೆವು. ಕೊನೆಗೆ ಒಂದು ಮನೆಯ ಮುಂದಿನ ಶೆಡ್ಡಿನಲ್ಲಿ ಬಿಸಿನೀರಿನ ತೊಟ್ಟಿಯಿಂದ ಎಳೆ ಎತ್ತುತ್ತಿದ್ದ ಹೆಂಗಸು ತಲೆ ಎತ್ತಿ, "ಅವರು ನಮ್ಮಬ್ಬಾ. ಹೆಸರು ಗೌಸ್‌ಪೀರ್" ಎಂದಳು. ನೀರಿನಲ್ಲಿ ನೆಂದು ನೆಂದು ಅವಳ ಬೆರಳ ತುದಿಗಳು ಬೆಳ್ಳಗಾಗಿದ್ದವು. ಶಾಹಿನಾ ಎಂದು ಆಕೆಯ ಹೆಸರು. ಗಂಡ ಗೂಡಿನ ಮಾರುಕಟ್ಟೆಗೆ ಹೋಗಿದ್ದ.

ಒಳಗೆ ಮಂಚದ ಮೇಲೆ ಕೂತಿದ್ದ ಗೌಸ್‌ಪೀರ್ ಸಾಬರು ಬಿಳಿ ಗಡ್ಡದ, ಗಟ್ಟಿ ದನಿಯ ಮನುಷ್ಯ. ಸೆಕೆಯಲ್ಲೂ ಮೈತುಂಬ ಶಾಲು ಹೊದ್ದಿದ್ದರು. ದರ್ಬಾರ್ ಸೀನಿನ ಸುದ್ದಿ ಎತ್ತಿದ್ದೇ ಮುಖ ಅರಳಿತು.

"ಇನ್ನೂ ಐತಾ ಅದು? ಇಲಿ ತಿಂದಿರಬೇಕು ಅನ್ಕೊಂಡಿದ್ದೆ! ಅದನ್ನ ಬರೆಯೋವಾಗ ಎರಡು ತಿಂಗಳು ಚನ್ನಿಗಪ್ಪನ ಅಪ್ಪಯ್ಯನ ಮನೇಲೇ ಊಟ ನಂದು. ಮುದ್ದೆ ನುಂಗೋದು ಕಲ್ತಿದ್ದೇ ಅಲ್ಲಿ."

ಮಾತು ಮಾತು. ಶಾಹಿನಾ ತಂದಿಟ್ಟ ಟೀ ನಾವು ಕುಡಿದು ಮುಗಿಸಿದೆವು. ಅವರ ಲೋಟ ಅವರ ಮುಂದೆಯೇ ಆರಿತು. ಶಾಲಿನೊಳಗಿನಿಂದ ಕೈ ಹೊರಗೆ ಬರಲೇ ಇಲ್ಲ. ಕಾರ್ಯಕ್ರಮಕ್ಕೆ ಬರುತ್ತೀರಾ ಎಂದು ಇಂಚರ ಕೇಳಿದಾಗ ಮಾತ್ರ ಮಗಳ ಮುಖ ನೋಡಿದರು.

ಬೀಳ್ಕೊಡಲು ಬಂದ ಶಾಹಿನಾ ನನ್ನನ್ನು ಶೆಡ್ಡಿನ ಮರೆಗೆ ಕರೆದಳು.

"ಟೀಚರ್, ಅಬ್ಬಾ ಕೈ ನಡುಗ್ತೈತೆ. ಕನಕಪುರದ ಕಡೆ ಒಂದು ಹಳ್ಳೀಲಿ ಸೀನು ಬರೆಯೋವಾಗ ಗೆರೆ ಸೊಟ್ಟ ಹೋಗ್ಬುಡ್ತು. ನೋಡ್ತಾ ನಿಂತಿದ್ದೋರು ನಕ್ಬುಟ್ರು. ಅವತ್ತು ಕುಂಚ ಕೆಳಗಿಟ್ಟೋರು ಆಮೇಲೆ ಮುಟ್ಟಿಲ್ಲ. ಮನೆ ಮೊಮ್ಮಕ್ಕಳ ಮುಂದೆನೂ ಊಟ ಮಾಡಲ್ಲ ಅವರು. ನಾನು ಕರ್ಕೊಂಡು ಬತ್ತೀನಿ. ಸೀನು ನೋಡ್ಲಿ, ಅವರಿಗೂ ಆಸೆ ಐತೆ. ಆದ್ರೆ ಅವರ ಕೈ ಯಾರಿಗೂ ಕಾಣಬಾರದು. ಒಂದು ಗೆರೆ ಎಳೀರಿ, ಒಂದು ಸೈನ್ ಮಾಡಿ ಅಂತ ಯಾರೂ ಅನ್ನಬಾರದು. ನೀವು ಮಾತು ಕೊಟ್ರೆ ಕರ್ಕೊಂಡು ಬತ್ತೀನಿ."

ನಾನು ಮಾತು ಕೊಟ್ಟೆ. ಕೊಟ್ಟ ಕ್ಷಣದಿಂದ ಮಳೆಯ ಭಯ ಎರಡನೆಯದಾಯಿತು.

ಬಸ್ಸಿನಲ್ಲಿ ವಿಷಯ ಹೇಳಿದೆ. ಇಂಚರ ಕಿಟಕಿಯಾಚೆ ನೋಡುತ್ತಾ, "ಮಿಸ್, ಒಂದೇ ಒಂದು ಗೆರೆ ಜನರ ಮುಂದೆ ಅವರು ಎಳೆದುಬಿಟ್ರೆ..." ಎಂದಳು.

"ಬೇಡ."

"ನಡುಗಿದ್ರೆ ನಡುಗ್ಲಿ ಬಿಡಿ. ಅದೂ ಚಂದನೇ ಅಲ್ವಾ?"

"ನಿನಗೆ ಚಂದ. ಅವರಿಗೆ ಅವಮಾನ. ಬೇಡ ಅಂದ್ರೆ ಬೇಡ" ಎಂದು ಗದರಿದೆ. ಅವಳು ಆಯ್ತು ಎಂದಳು. ಅವಳ 'ಆಯ್ತು'ಗಳನ್ನು ನಾನು ಎಂಟನೇ ಕ್ಲಾಸಿನಿಂದ ಬಲ್ಲೆ. ಸ್ವಲ್ಪವೂ ನಂಬಿಕೆ ಬರಲಿಲ್ಲ.

ಮುಂದಿನ ದಿನಗಳಲ್ಲಿ ಮಿಲ್ಲು ಗುಡಿಸುವುದು, ತಗಡಿನ ತೂತುಗಳಿಗೆ ಟಾರು ಬಳಿಸುವುದು, ತೊಲೆಗೆ ಹಗ್ಗ ಕಟ್ಟಿಸುವುದು ನಡೆಯಿತು. ಹುಚ್ಚು ಗಾಳಿ. ಗೊಂಬೆ ಅಂಗಡಿಗಳ ಮುಂದೆ ತೂಗುಬಿಟ್ಟ ಮರದ ಗಿಳಿಗಳು ದಿನವಿಡೀ ಒಂದಕ್ಕೊಂದು ತಾಕುತ್ತಿದ್ದವು. ಮೋಡ ಬರುವುದು, ನನ್ನ ಜೀವ ಹಿಂಡುವುದು, ಮುಂದೆ ಹೋಗುವುದು. ಶಾಲೆ ಬಿಟ್ಟೊಡನೆ ನಾನು ಮಿಲ್ಲಿಗೆ ಓಡಿ ಪರದೆಗಳ ಕೆಳಗೆ ನೆಲ ಮುಟ್ಟಿ ನೋಡುತ್ತಿದ್ದೆ, ಎಲ್ಲಾದರೂ ಒದ್ದೆಯಾಗಿದೆಯೇ ಎಂದು. ಇಂಚರ ಒಂದು ಮೂಲೆಯಲ್ಲಿ ಮೇಜು ಹಾಕಿ, ಶಾಹಿನಾ ಕೊಟ್ಟುಕಳಿಸಿದ ಸಾಬರ ಹಳೆಯ ಕುಂಚಗಳು, ಬಣ್ಣದ ಪುಡಿಯ ಡಬ್ಬಿಗಳು, ಬೆಲ್ಲದಚ್ಚಿನಂಥ ಸರೇಸಿನ ತುಂಡು, ಅದನ್ನು ಕಾಯಿಸುವ ಪಾತ್ರೆ, ಎಲ್ಲವನ್ನೂ ಜೋಡಿಸಿಟ್ಟಳು. ಅದರ ಪಕ್ಕ ಒಂದು ಖಾಲಿ ಬಣ್ಣದ ತಟ್ಟೆ. ಅದನ್ನು ಕಂಡಾಗ ನನ್ನ ಅನುಮಾನ ಇನ್ನಷ್ಟು ಬಲಿಯಿತು. ಇವಳು ಏನೋ ಹೂಡುತ್ತಿದ್ದಾಳೆ ಎಂದೇ ಅಂದುಕೊಂಡೆ.

ಪಾತ್ರಧಾರಿಗಳ ಮುಂದಾಳು ದೊಡ್ಡಆಲಹಳ್ಳಿಯ ಬೋರೇಗೌಡರು. ಎತ್ತರದ ಆಳು, ರಾಜಪಾರ್ಟಿನಲ್ಲೇ ಹೆಸರಾದವರು. ರಾಗಿ ಬಿತ್ತನೆ ಬಿಟ್ಟು ಪ್ರಾಕ್ಟೀಸಿಗೆ ಬರುತ್ತಿದ್ದರು. ಪರದೆಗೆ ಮುಖ ಮಾಡಿ ಹಾಡಬೇಕು ಎಂದಾಗ ಮೊದಲು ನಕ್ಕರು. ನಿಂತು ಒಂದು ಸಲ ಹಾಡಿದ ಮೇಲೆ ನಗು ಹೋಗಿತ್ತು.

"ಅಲ್ಲಾ ಟೀಚರಮ್ಮ, ಈ ಕಂಬದ ಪಕ್ಕದಾಗೇ ಎಷ್ಟು ಸಲ ಗದೆ ತಿರುವಿವ್ನಿ ನಾನು. ಕಂಬ ಹಿಂಗೈತೆ ಅಂತ ಇವತ್ತು ನೋಡ್ದೆ!"

ಒಂದು ವಿಷಯಕ್ಕೆ ಮಾತ್ರ ಅವರು ಪಟ್ಟು ಹಿಡಿದರು. ರಂಗಪೂಜೆ ಆಗಲೇಬೇಕು. ಪೂಜೆಯಿಲ್ಲದೆ ಕಿರೀಟ ಇಡುವುದಿಲ್ಲ. ಇಂಚರ ಖುಷಿಯಿಂದಲೇ ಒಪ್ಪಿದಳು. ನಾಟಕದಲ್ಲಿ ಎಲ್ಲಕ್ಕೂ ಮುಂದೆ ಇರುವ ಕೆಂಪು ಬಟ್ಟೆಯ ಪರದೆಯನ್ನು ಮಾತ್ರ ಅವಳು ಕಟ್ಟಿಸಿರಲಿಲ್ಲ. ಜನ ಬಂದಾಗಿನಿಂದಲೇ ಬರೆದ ಸೀನು ಕಣ್ಣಿಗೆ ಬೀಳಬೇಕೆಂದು ಅವಳ ಆಸೆ. ಅದರಲ್ಲಿ ತಪ್ಪೇನೂ ನಮಗ್ಯಾರಿಗೂ ಕಾಣಲಿಲ್ಲ.

ಪ್ರದರ್ಶನದ ಕೊನೆಯ ದಿನ ಬೆಳಿಗ್ಗೆಯಿಂದ ಮೋಡ ಕಟ್ಟಿ ನಿಂತಿತ್ತು. ಒಂದು ಹನಿ ಬೀಳಲಿಲ್ಲ. ಮಿಲ್ಲಿನ ತುಂಬ ಜನ. ಊರವರು, ಗೊಂಬೆ ಕೆಲಸದವರು, ನಾಟಕದ ಹುಚ್ಚಿನವರು. ಬಾಗಿಲಲ್ಲಿ ಒಬ್ಬ ಟೀ ಮಾಡುವವನು ಸ್ಟೌವ್ ಹಚ್ಚಿಕೊಂಡು ಕೂತಿದ್ದ. ಶಾಹಿನಾ ತಂದೆಯನ್ನು ಆಟೋದಲ್ಲಿ ಕರೆತಂದಳು. ಮುಂದಿನ ಸಾಲಿನಲ್ಲಿ ಕೂರಿಸಿ ಶಾಲನ್ನು ಸರಿಯಾಗಿ ಹೊದಿಸಿದಳು. ಆಮೇಲೆ ನನ್ನ ಕಡೆ ಒಂದು ನೋಟ ನೋಡಿದಳು. ನಾನು ತಲೆಯಾಡಿಸಿದೆ. ತಲೆಯಾಡಿಸಿ ಹೋಗಿ ಇಂಚರಳ ಪಕ್ಕದಲ್ಲೇ ನಿಂತುಕೊಂಡೆ. ಅವಳೇನಾದರೂ ಬಾಯಿ ತೆಗೆದರೆ ಕೈ ಹಿಡಿದು ಎಳೆಯುವುದೆಂದು ತೀರ್ಮಾನ ಮಾಡಿದ್ದೆ.

ಸಾಬರು ಸೀನನ್ನು ನೋಡುತ್ತಾ ಕೂತಿದ್ದರು. ಕೊರಳು ಮುಂದೆ ಚಾಚಿ, ತುಟಿ ಅಲ್ಲಾಡಿಸುತ್ತಾ.

ಪೂಜೆ ಶುರುವಾಯಿತು. ಕಿರೀಟ, ಭುಜಕೀರ್ತಿ ತೊಟ್ಟ ಬೋರೇಗೌಡರು ಕಾಯಿ ಒಡೆದರು, ಕರ್ಪೂರ ಬೆಳಗಿದರು, ಅರಿಶಿನ ಸುಣ್ಣ ಕದಡಿದ ಓಕುಳಿಯ ತಟ್ಟೆ ಎತ್ತಿ ಸೀನಿಗೆ ನೀವಾಳಿಸಿದರು. ಅವರ ತಂಡದಲ್ಲಿ ಅಜ್ಜಂದಿರ ಕಾಲದಿಂದ ಒಂದು ಪದ್ಧತಿ ಇತ್ತಂತೆ. ನೀವಾಳಿಸಿದ ಮೇಲೆ ಓಕುಳಿಯನ್ನು ಅಂಗೈ ತುಂಬ ಮೊಗೆದು ಮುಂದಿನ ಪರದೆಗೆ ಎರಚಿ, ಉಳಿದದ್ದನ್ನು ಹೊರಗೆ ಚೆಲ್ಲುವುದು. ಕೆಂಪು ಬಟ್ಟೆಗೆ ಕೆಂಪು ನೀರು ಬಿದ್ದರೆ ಯಾರಿಗೂ ಕಾಣುವುದಿಲ್ಲ. ಅವತ್ತು ಕೆಂಪು ಬಟ್ಟೆ ಇರಲಿಲ್ಲ. ಗೌಡರ ಕೈಗೆ ಅದು ನೆನಪಾಗಲಿಲ್ಲ. ಅಂಗೈ ತುಂಬ ಓಕುಳಿ ಹಾರಿ ದರ್ಬಾರ್ ಸೀನಿನ ಎಡಗಡೆ ಕಂಬದ ಮೇಲೆ ಬಿತ್ತು.

ಮೊದಲು ಕೆಂಪು ಇಳಿಯಿತು. ಅದರ ಹಿಂದೆ ಹಳದಿ ಇಳಿಯಿತು. ಆಮೇಲೆ ಕಂಬದ ನೆರಳಿಗೆ ಬಳಿದಿದ್ದ ಕಂದು ಕೂಡ ಕರಗಿ ಜಾರತೊಡಗಿತು.

"ಅಯ್ಯಯ್ಯೋ, ಏನ್ ಮಾಡ್ಬುಟ್ಟೆ ನಾನು!" ಎಂದು ಗೌಡರು ತಟ್ಟೆ ಕೆಳಗೆ ಬಿಟ್ಟರು. ಚನ್ನಿಗಪ್ಪ ಹೆಗಲ ಮೇಲಿನ ಟವಲು ಎಳೆದುಕೊಂಡು ಒರೆಸಲು ಓಡಿದರು.

"ವರೆಸ್ಬ್ಯಾಡ! ವರೆಸುದ್ರೆ ಕಂಬನೇ ಹೋಯ್ತದೆ! ಯಾರೂ ಮುಟ್ಬ್ಯಾಡಿ!"

ಕೂಗಿದ್ದು ಗೌಸ್‌ಪೀರ್ ಸಾಬರು. ಎದ್ದು ನಿಂತಿದ್ದರು. ಶಾಲು ಕುರ್ಚಿಯ ಮೇಲೆ ಉಳಿದಿತ್ತು. ಎರಡೂ ಕೈ ಮುಂದೆ ಚಾಚಿಕೊಂಡು ಸೀನಿನ ಕಡೆ ನಡೆದರು. ಆ ಕೈಗಳು ನಡುಗುತ್ತಿದ್ದವು. ಸ್ವಲ್ಪ ಸ್ವಲ್ಪವಲ್ಲ, ಮೊಣಕೈಯಿಂದ ಬೆರಳ ತುದಿವರೆಗೆ, ಕೊನೆಯ ಸಾಲಿನವರಿಗೂ ಕಾಣುವ ಹಾಗೆ.

ಕೊಟ್ಟ ಮಾತು ಕಣ್ಣ ಮುಂದೆಯೇ ಮುರಿದು ಬಿದ್ದಿತ್ತು. ನಾನು ಕಾವಲು ಕಾದದ್ದು ಇಂಚರಳನ್ನು. ಅವಳು ನನ್ನ ಪಕ್ಕದಲ್ಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಶಾಹಿನಾಳ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.

"ಸೀಮೆಸುಣ್ಣ ಐತಾ ಯಾರ ತಾವಾದ್ರೂ?" ಎಂದು ಸಾಬರು ತಿರುಗದೆಯೇ ಕೇಳಿದರು. ಟೀಚರ್ ಬ್ಯಾಗಿನಲ್ಲಿ ಅದಕ್ಕೇನು ಬರ? ತೆಗೆದುಕೊಟ್ಟೆ. ಅದನ್ನು ಪುಡಿ ಮಾಡಿಸಿ ಹಸಿ ಜಾಗದ ಮೇಲೆ ಊದಿದರು. ನೀರು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಕಂಬದ ನಡುಭಾಗ, ಒಂದು ಆಳಿನ ಎದೆಯಗಲ, ಬರೀ ಬಟ್ಟೆಯಾಗಿತ್ತು.

"ಶಾಹಿನಾ, ಸರೇಸು ಕಾಯಿಸು."

ಅವಳು ಅಲುಗಲಿಲ್ಲ. "ಅಬ್ಬಾ, ಬೇಡ. ಮನೆಗೆ ಹೋಗೋಣ" ಎಂದಳು.

"ಒಣಗೋಕೆ ಮುಂಚೆ ಬರೀಬೇಕು ಕಣಮ್ಮ. ಕಾಯಿಸು."

ಮೇಜಿನ ಮೇಲಿದ್ದ ಸರೇಸಿನ ತುಂಡು, ಪಾತ್ರೆ ಎತ್ತಿಕೊಂಡು ಅವಳು ಟೀಯವನ ಸ್ಟೌವ್ ಕಡೆ ಹೋದಳು. ಮಿಲ್ಲಿನ ತುಂಬ ಆ ವಾಸನೆ ಹಬ್ಬಿತು. ಯಾರೂ ಮೂಗು ಮುಚ್ಚಲಿಲ್ಲ. ಹಳದಿ ಪುಡಿ ಕಲಸಿದ ತಟ್ಟೆಯನ್ನು ಸಾಬರು ಬೋರೇಗೌಡರ ಕೈಗೆ ಕೊಟ್ಟು, "ಮಹಾರಾಜ್ರೇ, ಒಸಿ ಹಿಡ್ಕಳಿ. ನನ್ ಕೈಲಿದ್ರೆ ಚೆಲ್ಲೋಯ್ತದೆ" ಎಂದರು. ಕಿರೀಟ ತೊಟ್ಟ ಗೌಡರು ತಟ್ಟೆ ಹಿಡಿದು ಬಗ್ಗಿ ನಿಂತರು.

ಸಾಬರು ಕುಂಚ ಎತ್ತಿದರು. ಬಟ್ಟೆಗೆ ತಾಕಿದ ಮೇಲಾದರೂ ಕೈ ನಿಲ್ಲಬಹುದು ಎಂದು ನಾನು ದೇವರನ್ನು ಬೇಡಿಕೊಂಡೆ. ನಿಲ್ಲಲಿಲ್ಲ. ಗೆರೆ ಏರುಪೇರಾಗಿ ಇಳಿಯಿತು, ಗಡ್ಡದ ಮೇಲೆ ಹಳದಿ ಸಿಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬೋರೇಗೌಡರು ತಟ್ಟೆ ಅಲುಗದಂತೆ ಕತ್ತು ಮಾತ್ರ ತಿರುಗಿಸಿದರು. "ಯಾವನ್ಲಾ ಅದು ನಕ್ಕೋನು? ಇಲ್ಲಿ ಬಾರ್ಲಾ. ಮುಂದಕ್ಕೆ ಬಂದು ನಗು!"

ಯಾರೂ ಬರಲಿಲ್ಲ. ಫೋನು ಎತ್ತಿದ್ದವರ ಕೈಗಳನ್ನು ನಾನೇ ಹೋಗಿ ಒಂದೊಂದಾಗಿ ಕೆಳಗಿಳಿಸಿದೆ. ಆ ಧೈರ್ಯ ನನಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಕುಂಚ ಬಟ್ಟೆಯ ಮೇಲೆ ಆಡುವ ಸದ್ದು ಬಿಟ್ಟರೆ ಮಿಲ್ಲಿನಲ್ಲಿ ಬೇರೆ ಸದ್ದಿರಲಿಲ್ಲ. ಸಾಬರು ಅವಸರಪಡಲಿಲ್ಲ. ಹಳದಿ ತುಂಬಿದರು, ನೆರಳಿನ ಕಂದು ಕೊಟ್ಟರು, ಹಿಂದೆ ಸರಿದು ನೋಡಿದರು, ಮತ್ತೆ ಹೋದರು. ಮುಗಿದಾಗ ಕಂಬಕ್ಕೆ ನಡು ಬಂದಿತ್ತು. ಮೇಲೂ ಕೆಳಗೂ ನುಣುಪು, ನಡುವೆ ನೀರಿನಲ್ಲಿ ಕಂಡ ಹಾಗೆ ಸೊಟ್ಟಸೊಟ್ಟ.

ಆಮೇಲೆ ಗೌಡರು ಮತ್ತು ಅವರ ಸಂಗಡಿಗರು ನಮಗೆ ಬೆನ್ನು ತಿರುಗಿಸಿ ನಿಂತು ಹಾಡಿದರು. ಕಿರೀಟಗಳ ಹಿಂಭಾಗದ ದಾರ, ಪಿನ್ನು ಎಲ್ಲ ಕಾಣುತ್ತಿತ್ತು. ಚೆನ್ನಾಗಿ ಹಾಡಿದರಂತೆ. ನನ್ನ ಕಿವಿಗೆ ಏನೂ ಹೋಗಲಿಲ್ಲ. ನಾನು ಶಾಹಿನಾಳನ್ನೇ ನೋಡುತ್ತಿದ್ದೆ. ಹಾಡು ಮುಗಿಯುವ ಮೊದಲೇ ಅವಳು ತಂದೆಯನ್ನು ಎಬ್ಬಿಸಿಕೊಂಡು ಹೊರಟಳು. ನನ್ನ ಪಕ್ಕದಿಂದಲೇ ಹೋದಳು. ಮುಖ ಆಚೆ ತಿರುಗಿಸಿಕೊಂಡಿದ್ದಳು.

ಆ ರಾತ್ರಿಯೇ ಮಳೆ ಸುರಿಯಿತು. ಹಿಡಿದ ಮಳೆ ವಾರಗಟ್ಟಲೆ ಬಿಡಲಿಲ್ಲ. ಶಾಹಿನಾಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಸಾಬರು ಊಟ ಬಿಟ್ಟಿರಬಹುದು, ಹಾಸಿಗೆ ಹಿಡಿದಿರಬಹುದು, ಆ ನಗು ಅವರ ಕಿವಿಯಿಂದ ಹೋಗಿರಲಿಕ್ಕಿಲ್ಲ ಎಂದೆಲ್ಲ ಯೋಚಿಸಿ ಯೋಚಿಸಿ ನಾನೇ ಸೊರಗಿದೆ. ಮಕ್ಕಳ ಡ್ರಾಯಿಂಗ್ ಹಾಳೆಗಳಲ್ಲಿ ಸೊಟ್ಟ ಗೆರೆ ಕಂಡರೆ ತಿದ್ದಲು ಕೈ ಏಳುತ್ತಿರಲಿಲ್ಲ. ಹೋಗಿ ಬಾಗಿಲು ತಟ್ಟೋಣವೆಂದು ಒಂದು ದಿನ ರಾಮನಗರದ ಬಸ್ಸು ಹತ್ತಿ, ಇಳಿಯುವ ಧೈರ್ಯವಾಗದೆ ಮುಂದಿನ ಸ್ಟಾಪಿನಿಂದ ವಾಪಸು ಬಂದೆ.

ಮಳೆ ಬಿಟ್ಟ ಮೇಲೆ ಚನ್ನಿಗಪ್ಪನವರೇ ಶಾಲೆಗೆ ಬಂದರು. ನಾಟಕದ ಕಾಲ ಶುರುವಾಗುವುದರೊಳಗೆ ಕಂಬ ಸರಿಮಾಡಿಸಬೇಕು, ಊರಿನಲ್ಲಿ ಬೋರ್ಡು ಬರೆಯುವ ಹುಡುಗನೊಬ್ಬ ಸ್ಕೇಲಿಟ್ಟು ನೆಟ್ಟಗೆ ಮಾಡಿಕೊಡುತ್ತೇನೆ ಅಂದಿದ್ದಾನೆ, ಆದರೆ ಸಾಬರನ್ನು ಒಂದು ಮಾತು ಕೇಳದೆ ಮುಟ್ಟಿಸಲು ಮನಸ್ಸಿಲ್ಲ, ಜೊತೆಗೆ ಬನ್ನಿ ಎಂದರು. ಒಬ್ಬಳೇ ಹೋಗಲಾರದ ನನಗೆ ಒಂದು ನೆಪ ಸಿಕ್ಕಿತು. ದಾರಿಯುದ್ದಕ್ಕೂ ಶಾಹಿನಾ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಜೋಡಿಸುತ್ತಾ ಹೋದೆ. ಒಂದೂ ಸರಿಯಾಗಲಿಲ್ಲ.

ಅವಳು ಶೆಡ್ಡಿನಲ್ಲೇ ಇದ್ದಳು. ನನ್ನನ್ನು ನೋಡಿದಳು. ಕೈಯಲ್ಲಿದ್ದ ಎಳೆಯನ್ನು ರಾಟೆಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ನಾನು ಸಿಟ್ಟಾಗಿದ್ದೆ ಟೀಚರ್. ಯಾರ ಮೇಲೆ ಅಂತ ನಂಗೇ ಗೊತ್ತಿಲ್ಲ. ಒಳಗೆ ಹೋಗಿ. ಅಬ್ಬಾ ದಿನಾ ನಿಮ್ಮನ್ನೇ ಕೇಳ್ತಾರೆ" ಎಂದಳು.

ಸಾಬರು ಮಂಚದ ಮೇಲೇ ಇದ್ದರು. ಚನ್ನಿಗಪ್ಪ ಕೆಮ್ಮಿ, ಸುತ್ತಿ ಬಳಸಿ, ಬೋರ್ಡು ಬರೆಯುವ ಹುಡುಗನ ಮಾತು ತೆಗೆದರು. ಹುಡುಗ ಒಳ್ಳೆಯವನು, ಸಾಬರ ಮಿಕ್ಕ ಕೆಲಸ ಮುಟ್ಟುವುದಿಲ್ಲ, ಆ ನಡುಭಾಗ ಒಂದನ್ನು ನೆಟ್ಟಗೆ ಮಾಡುತ್ತಾನೆ ಅಷ್ಟೇ ಎಂದರು. ನಾನು ನೆಲ ನೋಡುತ್ತಾ ಕೂತಿದ್ದೆ. ಬಾಗಿಲಲ್ಲಿ ಶಾಹಿನಾ ಬಂದು ನಿಂತದ್ದು ಕಂಡಿತು.

ಸಾಬರು ಎಲ್ಲವನ್ನೂ ಕೇಳಿಸಿಕೊಂಡರು.

"ಬ್ಯಾಡ ಚನ್ನಿಗಪ್ಪ" ಎಂದರು. "ನೆಟ್ಟಗಿರೋ ಕಂಬ ಯಾರ್ ಬೇಕಾದ್ರೂ ಬರ್ದಿರ್ಬೋದು. ಇದನ್ನ ನೋಡುದ್ರೆ ನಾನೇ ಅಂತ ಗೊತ್ತಾಯ್ತದೆ. ಇರ್ಲಿ ಬುಡು."